ಗೆದ್ದದ್ದಾ, ಸೋತದ್ದಾ? – ತೀರ್ಪಿನ ಭಾಷೆಯ ಪ್ರಶ್ನೆ

ಕಳೆದ ರಾಜ್ಯೋತ್ಸವದಂದು ನಮ್ಮ ಸಂಘದ ಸಭೆಯಲ್ಲಿ, ಕರ್ನಾಟಕದ ಉಚ್ಚ ನ್ಯಾಯಾಲಯದ ಕಲಾಪಗಳು ಕನ್ನಡದಲ್ಲಿಯೇ ನಡೆಯತಕ್ಕದ್ದೆಂಬ ಠರಾವು ಸರ್ವಾನುಮತದಿಂದ ಅಂಗೀಕೃತವಾಯಿತು. ಕೈಯೆತ್ತಿದವರಲ್ಲಿ ನಾನೂ ಒಬ್ಬ. ಠರಾವಿನ ಪ್ರತಿಯನ್ನು ಬೆಂಗಳೂರಿಗೆ ರವಾನಿಸುವ ಹೊಣೆಯೂ ನನಗೇ ಬಿತ್ತು. ಸರ್ಕಾರಿ ಅಧಿಕಾರಿಯಾದವನಿಗೆ ಒಕ್ಕಣೆ, ವಿಳಾಸಗಳ ಮರ್ಯಾದೆ ತಿಳಿದಿರುತ್ತದೆಂಬ ನಂಬಿಕೆಯಿಂದ ಇರಬೇಕು. ಆ ಲಕೋಟೆ ಇನ್ನೂ ನನ್ನ ಮೇಜಿನ ಮೇಲೆಯೇ ಇದೆ. ಅದನ್ನು ಏಕೆ ಅಂಚೆಗೆ ಹಾಕಲಿಲ್ಲವೆಂದು ಕಾರ್ಯಕಾರಿ ಸಮಿತಿಯ ಮಿತ್ರರು ಎರಡು ಬಾರಿ ಕೇಳಿದ್ದಾರೆ. ಈ ಬರಹವೇ ನನ್ನ ಸಮಜಾಯಿಷಿ.

ಕ್ರೋಂಪೇಟೆಯಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆಯಾಚೆ ಕುಂದಾಪುರ ಸೀಮೆಯ ವೃದ್ಧೆಯೊಬ್ಬರಿದ್ದಾರೆ. ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿ, ಮದುವೆಯಾಗಿ, ಹೋಟೆಲಿನಲ್ಲಿ ಮೊದಲು ಸಪ್ಲೈಯರಾಗಿ ಅನಂತರ ಗಲ್ಲಾದಲ್ಲಿ ಕೂತ ಪತಿಯ ಹಿಂದೆ ಈ ನಗರಕ್ಕೆ ಬಂದವರು. ಇಲ್ಲಿ ನೆಲೆಸಿ ಐದು ದಶಕಗಳಾಗಿವೆ. ತಮಿಳನ್ನು ನನಗಿಂತ ಸೊಗಸಾಗಿ ಆಡುತ್ತಾರೆ. ತರಕಾರಿ ಗಾಡಿಯವನೊಡನೆ ಅವರು ಚೌಕಾಶಿ ಮಾಡುವುದನ್ನು ಕೇಳಿದವರಾರೂ ಅವರನ್ನು ಕನ್ನಡತಿಯೆಂದು ಊಹಿಸಲಾರರು. ಆದರೆ ಅವರ ತಮಿಳು ಓದು ಬಸ್ಸಿನ ಫಲಕಕ್ಕೆ ನಿಲ್ಲುತ್ತದೆ. ಇಂಗ್ಲಿಷ್ ಅಷ್ಟೂ ಇಲ್ಲ. ಹೊರನಾಡಿನಲ್ಲಿರುವ ನಮ್ಮ ತಾಯಂದಿರ ತಲೆಮಾರಿನಲ್ಲಿ ಇಂಥವರು ಎಷ್ಟು ಮಂದಿ ಎಂಬುದನ್ನು ಓದುಗರೇ ತಮ್ಮ ತಮ್ಮ ಮನೆಗಳನ್ನು ನೆನೆದು ಲೆಕ್ಕ ಹಾಕಬಹುದು.

ಅವರ ಪತಿಯೂ ಪತಿಯ ತಮ್ಮನೂ ಜಂಟಿ ಹೆಸರಿನಲ್ಲಿ ಒಂದು ನಿವೇಶನ ಕೊಂಡಿದ್ದರು. ಕೊಂಡ ಹಣವೆಲ್ಲ ಪತಿಯದು, ಮನೆ ಎದ್ದದ್ದು ತನ್ನ ಒಡವೆಗಳನ್ನು ಮಾರಿ ಎಂಬುದು ಆಕೆಯ ವಾದ. ಪತಿ ತೀರಿಕೊಂಡ ಬಳಿಕ ಮೈದುನನ ಮಕ್ಕಳು ವಿಭಾಗದ ದಾವೆ ಹೂಡಿದರು. ಹನ್ನೊಂದು ವರ್ಷ ನಡೆಯಿತು. ದಾವೆಯ ಪತ್ರಗಳೂ ಸಾಕ್ಷ್ಯಗಳೂ ತಮಿಳಿನಲ್ಲಿ, ತೀರ್ಪು ಇಂಗ್ಲಿಷಿನಲ್ಲಿ. ರಾಜ್ಯೋತ್ಸವ ಕಳೆದು ಒಂದೆರಡು ವಾರಗಳಾಗಿದ್ದಾಗ ಮೂವತ್ತೆಂಟು ಪುಟಗಳ ಆ ಕಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದುಕೊಂಡು ಬಂದು ನನ್ನೆದುರು ಕುಳಿತರು.

“ರಾಯರೇ, ಇದರಲ್ಲಿ ನಾನು ಗೆದ್ದದ್ದಾ, ಸೋತದ್ದಾ? ಅಷ್ಟು ಹೇಳಿದರೆ ಸಾಕು.”

ವಕೀಲರ ಗುಮಾಸ್ತನು “ಅರ್ಧ ನಿಮಗೆ ಬಂದಿದೆಯಮ್ಮ” ಎಂದಿದ್ದನಂತೆ. ಬಂದಿದೆ ಎಂದರೆ ಗೆದ್ದಂತೆಯೇ ಎಂದು ಆಕೆ ದೇವರಿಗೆ ತುಪ್ಪದ ದೀಪ ಹಚ್ಚಿದ್ದರು. ಇಡೀ ಮನೆ ತನ್ನದೆಂದು ಹನ್ನೊಂದು ವರ್ಷ ಹೋರಾಡಿದವರಿಗೆ ಅರ್ಧ ‘ಬಂದಿದೆ’ ಎಂಬುದು, ಅರ್ಧ ಹೋಗಿದೆ ಎಂಬುದರ ಇನ್ನೊಂದು ಹೆಸರೆಂದು ನಾನು ಹೇಳಬೇಕಾಯಿತು.

ಕಟ್ಟನ್ನು ನಾನು ಮೊದಲಿನಿಂದ ಕನ್ನಡದಲ್ಲಿ ಓದಿ ಹೇಳತೊಡಗಿದೆ. ಇಪ್ಪತ್ತಾರನೆಯ ಪುಟಕ್ಕೆ ಬಂದಾಗ ಆಕೆ ನನ್ನ ಕೈ ಹಿಡಿದು ನಿಲ್ಲಿಸಿದರು. ಪತಿಯು ಹಿಂದೊಮ್ಮೆ ತಮ್ಮನಿಗೆ ಕನ್ನಡದಲ್ಲಿ ಬರೆದ ಕಾಗದವೊಂದು ಸಾಕ್ಷ್ಯವಾಗಿ ಹಾಜರಾಗಿತ್ತು. ಅದನ್ನು ಹಾಜರುಪಡಿಸಿದವರು ಸ್ವತಃ ಆಕೆಯೇ. ಹಣ ಕೊಟ್ಟದ್ದು ತಾನೆಂದು ಅದರಲ್ಲಿ ಪತಿ ಬರೆದಿದ್ದರು. ಪುಟಕ್ಕಿಷ್ಟೆಂದು ತೆತ್ತು ಅದನ್ನು ಭಾಷಾಂತರ ಮಾಡಿಸಿದವರೂ ಆಕೆಯೇ. ಕಾಗದದ ಕೊನೆಯಲ್ಲಿ ಅಣ್ಣನು ತಮ್ಮನಿಗೆ, ‘ನೀನು ಇತ್ತ ಬಂದರೆ ಬೇರೆಲ್ಲೂ ಇಳಿಯುವುದು ಬೇಡ, ಈ ಮನೆ ನಿನ್ನದೇ ಎಂದು ತಿಳಿ’ ಎಂದು ಬರೆದಿದ್ದರು. ನಮ್ಮಲ್ಲಿ ಮನೆಗೆ ಬಂದ ಪರಿಚಿತರಿಗೂ ಹೇಳುವ ಮಾತು ಅದು. ಭಾಷಾಂತರದಲ್ಲಿ ‘ಎಂದು ತಿಳಿ’ ಬಿದ್ದುಹೋಗಿ, ‘ಈ ಮನೆ ನಿನ್ನದು’ ಎಂಬುದಷ್ಟೇ ಇಂಗ್ಲಿಷಿನಲ್ಲಿ ಉಳಿದಿತ್ತು. ನ್ಯಾಯಾಧೀಶರು ತಮ್ಮ ಮುಂದಿದ್ದ ಇಂಗ್ಲಿಷನ್ನು ಓದಿದರು; ಓದಿ, ಮೃತನೇ ತಮ್ಮನ ಹಕ್ಕನ್ನು ಒಪ್ಪಿಕೊಂಡಿದ್ದಾನೆಂದು ನಿರ್ಣಯಿಸಿದರು. ಅವರನ್ನು ನಾನು ದೂರಲಾರೆ. ಆ ತಪ್ಪನ್ನು ಒಂದೇ ಕ್ಷಣದಲ್ಲಿ ಗುರುತಿಸಬಲ್ಲ ವ್ಯಕ್ತಿ ಹನ್ನೊಂದು ವರ್ಷವೂ ಅದೇ ಕೋಣೆಯ ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಅವರಿಗೆ ಆ ಪುಟವನ್ನು ಯಾರೂ ಓದಿ ಹೇಳಿರಲಿಲ್ಲ.

ಇದರ ಮೇಲೆ ಅವಧಿಯ ಪೆಟ್ಟು. ಅಂಥ ಡಿಕ್ರಿಯ ವಿರುದ್ಧ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಲು 1963ರ ಪರಿಮಿತಿ ಕಾಯಿದೆ ಕೊಡುವ ಕಾಲ 30 ದಿನ. ನಕಲು ಪಡೆಯಲು ಹಿಡಿದ ದಿನಗಳನ್ನು ಅದರಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ, ನಿಜ. ಆದರೆ ನಕಲು ಬಂದು ವಕೀಲರ ಕಪಾಟಿನಲ್ಲಿ ಏಳು ವಾರ ಮಲಗಿದ್ದರೆ ಆ ದಿನಗಳು ಲೆಕ್ಕಕ್ಕೆ ಬರುತ್ತವೆ. ನನ್ನೆದುರು ಕಟ್ಟು ಬಿಚ್ಚಿದ ದಿನ ಅವಧಿ ಮೀರಿಹೋಗಿತ್ತು.

ಈಗ ನನ್ನ ಪ್ರಶ್ನೆ. ಆಕೆ ಮನೆ ಕಳೆದುಕೊಳ್ಳುವ ಬದಲು ಯಾರದಾದರೂ ಮನೆಗೆ ಕನ್ನ ಹಾಕಿದ್ದರೆ ಏನಾಗುತ್ತಿತ್ತು? 1898ರ ದಂಡ ಪ್ರಕ್ರಿಯಾ ಸಂಹಿತೆಯ 371ನೆಯ ಕಲಮಿನಲ್ಲಿ, ಆರೋಪಿಯು ಬಯಸಿದರೆ ತೀರ್ಪಿನ ಅನುವಾದವನ್ನು ‘ಸಾಧ್ಯವಾದಲ್ಲಿ’ ಅವನ ಸ್ವಂತ ಭಾಷೆಯಲ್ಲಿ, ಇಲ್ಲವೇ ನ್ಯಾಯಾಲಯದ ಭಾಷೆಯಲ್ಲಿ, ವಿಳಂಬವಿಲ್ಲದೆ ಕೊಡಬೇಕೆಂದು ಇತ್ತು. 1973ರ ಸಂಹಿತೆ ಅದನ್ನು 363ನೆಯ ಕಲಮಿನಲ್ಲಿ ಉಳಿಸಿಕೊಂಡಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಉಳಿಸಿಕೊಂಡಿದೆ. ಅಂದರೆ ಕ್ರೋಂಪೇಟೆಯ ಕನ್ನಡಿಗ ಕಳ್ಳನೊಬ್ಬನು ತನ್ನ ತೀರ್ಪನ್ನು ಕನ್ನಡದಲ್ಲಿ ಕೇಳುವ ಹಕ್ಕನ್ನು, ದುರ್ಬಲವಾದದ್ದೇ ಆದರೂ, ಹೊಂದಿದ್ದಾನೆ. ಸಿವಿಲ್ ದಾವೆಯ ಕಕ್ಷಿದಾರಳಿಗೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಅಷ್ಟೂ ಇಲ್ಲ. ‘ಸಾಧ್ಯವಾದಲ್ಲಿ’ ಎಂಬ ಒಂದು ಪದ ನೂರಿಪ್ಪತ್ತೈದು ವರ್ಷಗಳಿಂದ ಒಂದು ಸಂಹಿತೆಯಿಂದ ಇನ್ನೊಂದಕ್ಕೆ ಅನಾಯಾಸವಾಗಿ ನಡೆದುಕೊಂಡು ಬಂದಿದೆ. ಕಚೇರಿ ಭಾಷೆಯನ್ನು ಬಲ್ಲವರಿಗೆ ಗೊತ್ತು: ಕಡತದಲ್ಲಿ ಈ ಪದ ಬಿತ್ತೆಂದರೆ ಆ ಕೆಲಸ ಆಗುವುದಿಲ್ಲವೆಂದೇ ಅರ್ಥ. ನಾನೂ ಅದನ್ನು ಹಾಗೆಯೇ ಬಳಸಿದ್ದೇನೆ.

ಬಳಸಿದ್ದೇನೆ ಎಂದ ಮೇಲೆ ಉಳಿದದ್ದನ್ನೂ ಹೇಳಿಬಿಡುತ್ತೇನೆ. ಕೇಂದ್ರ ಸರ್ಕಾರದ ಅಧಿಕಾರಿಯಾಗಿ ನಾನು ನೌಕರರ ಸೇವಾ ಪ್ರಕರಣಗಳಲ್ಲಿ ಇಲಾಖೆಯ ಪರವಾಗಿ ಹಲವು ಪ್ರತಿ ಹೇಳಿಕೆಗಳಿಗೆ ಸಹಿ ಹಾಕಿದವನು. ಎದುರು ಕಕ್ಷಿ ಹೆಚ್ಚಾಗಿ ಜವಾನ, ಕಾವಲುಗಾರ, ಕಲಾಸಿ. ಕೇಂದ್ರದ ರಾಜಭಾಷಾ ನಿಯಮಗಳು 1976ರಲ್ಲಿ ಬಂದಾಗ ತಮಿಳುನಾಡನ್ನು ಅವುಗಳ ವ್ಯಾಪ್ತಿಯಿಂದ ಹೊರಗಿಟ್ಟರು; ಹಿಂದಿಯಿಂದ ತಪ್ಪಿಸಿಕೊಂಡೆವೆಂದು ಇಲ್ಲಿ ಸಮಾಧಾನಪಟ್ಟುಕೊಂಡರು. ತಪ್ಪಿಸಿಕೊಂಡು ತಲುಪಿದ್ದು ತಮಿಳಿಗಲ್ಲ, ಇಂಗ್ಲಿಷಿಗೆ. ವೇತನ ಬಡ್ತಿ ತಡೆಹಿಡಿದ ಆದೇಶವನ್ನು ಇಂಗ್ಲಿಷಿನಲ್ಲಿ ಪಡೆದ ಕಾವಲುಗಾರನೊಬ್ಬ ಒಮ್ಮೆ ನನ್ನ ಕೋಣೆಗೆ ಬಂದು, ಅದು ಬಡ್ತಿಯ ಆದೇಶವೆಂದು ತಿಳಿದು ಕೈಮುಗಿದದ್ದುಂಟು. ಆ ದಿನ ನಾನು ಅವನಿಗೆ ವಿಷಯವನ್ನು ಹೇಳಲಿಲ್ಲ; ಮೇಲ್ವಿಚಾರಕರನ್ನು ಕೇಳೆಂದು ಕಳುಹಿಸಿದೆ. ಆದ್ದರಿಂದ ಈ ಲೇಖನದಲ್ಲಿ ನ್ಯಾಯವಾದಿಗಳ ಮೇಲೆ, ನ್ಯಾಯಾಲಯಗಳ ಮೇಲೆ ಹೊರಿಸುತ್ತಿರುವ ಆರೋಪಗಳ ಪಟ್ಟಿಯಲ್ಲಿ ನನ್ನ ಹೆಸರೂ ಇದೆಯೆಂದು ಓದುಗರು ತಿಳಿಯಬೇಕು.

ಭಾಷೆ ತಿಳಿಯದವನಿಗೆ ಆದೇಶ ಕೊಟ್ಟರೆ ಅದು ಕೊಟ್ಟಂತಾಗುವುದಿಲ್ಲವೆಂಬುದು ಹೊಸ ವಾದವೇನೂ ಅಲ್ಲ. ಅದನ್ನು ಹೇಳಿದ್ದು ದೇಶದ ಸರ್ವೋಚ್ಚ ನ್ಯಾಯಾಲಯವೇ. 1962ರ ಹರಿಕಿಸನ್ ಪ್ರಕರಣದಲ್ಲಿ, ಮುನ್ನೆಚ್ಚರಿಕೆಯ ಬಂಧನಕ್ಕೊಳಗಾದ ಮಹಾರಾಷ್ಟ್ರದ ವ್ಯಕ್ತಿಯೊಬ್ಬನಿಗೆ ಬಂಧನದ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಡಲಾಗಿತ್ತು. ತನಗೆ ಇಂಗ್ಲಿಷ್ ಬಾರದು, ಹಿಂದಿಯಲ್ಲಿ ಕೊಡಿರೆಂದು ಆತ ಕೇಳಿದ. ಅಧಿಕೃತ ಭಾಷೆ ಇಂಗ್ಲಿಷ್ ಎಂಬ ಉತ್ತರ ಬಂತು. ನ್ಯಾಯಾಲಯ ಆ ಉತ್ತರವನ್ನು ಒಪ್ಪದೆ ಬಂಧನವನ್ನೇ ರದ್ದುಪಡಿಸಿತು. ಲಲ್ಲೂಭಾಯಿ ಜೋಗಿಭಾಯಿ ಪಟೇಲ್ ಪ್ರಕರಣದಲ್ಲಿ ಅದು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಬಂಧಿತ ಗುಜರಾತಿ ಬಲ್ಲವನು. ಪೊಲೀಸ್ ಅಧಿಕಾರಿಯೊಬ್ಬರು ಕಾರಣಗಳನ್ನು ಗುಜರಾತಿಯಲ್ಲಿ ಬಾಯಿಮಾತಿನಲ್ಲಿ ವಿವರಿಸಿದ್ದೇವೆಂದರು. ಬಾಯಿಮಾತು ಸಾಲದು, ತಿಳಿಸುವುದೆಂದರೆ ಅವನಿಗೆ ತಿಳಿಯುವ ಭಾಷೆಯಲ್ಲಿ, ಬರಹದಲ್ಲಿ ತಿಳಿಸುವುದೆಂದು ನ್ಯಾಯಾಲಯ ನಿರ್ಣಯಿಸಿತು. ಸಂವಿಧಾನದ 22ನೆಯ ವಿಧಿಯ ಒಂದು ಕ್ರಿಯಾಪದಕ್ಕೆ ಇಷ್ಟು ಉದಾರವಾದ ಅರ್ಥವನ್ನು ಕೊಟ್ಟ ಅದೇ ನ್ಯಾಯಾಂಗಕ್ಕೆ, ತಾನು ಬರೆಯುವ ತೀರ್ಪನ್ನೂ ಯಾರಿಗಾದರೂ ‘ತಿಳಿಸಬೇಕು’ ಎಂದು ತೋಚದೆ ಹೋದದ್ದು ಹೇಗೆ? ಪೊಲೀಸರಿಗೆ ವಿಧಿಸಿದ ಶಿಸ್ತು ತನಗೆ ಬೇಡವೆ?

ತನ್ನ ಅಂಗಳದಲ್ಲಿ ಅದು ಹೇಗೆ ನಡೆದುಕೊಂಡಿತೆಂಬುದಕ್ಕೆ 1970ರ ಮಧು ಲಿಮಯೆ ಪ್ರಕರಣ ಸಾಕ್ಷಿ. ಅದರಲ್ಲಿ ಮಧ್ಯಪ್ರವೇಶಿಸಿದ್ದ ರಾಜನಾರಾಯಣರು ಹಿಂದಿಯಲ್ಲಿಯೇ ವಾದಿಸುತ್ತೇನೆಂದು ಹಟ ಹಿಡಿದರು. ಎದುರು ಪಕ್ಷದ ವಕೀಲರಿಗೆ ಹಿಂದಿ ಅರ್ಥವಾಗದು. ನ್ಯಾಯಾಲಯ ಮೂರು ದಾರಿ ತೋರಿತು: ಇಂಗ್ಲಿಷಿನಲ್ಲಿ ವಾದಿಸಿ, ಇಲ್ಲವೇ ನಿಮ್ಮ ವಕೀಲರು ವಾದಿಸಲಿ, ಅದೂ ಬೇಡವಾದರೆ ಇಂಗ್ಲಿಷಿನಲ್ಲಿ ಬರೆದುಕೊಡಿ. ಅವರು ಒಪ್ಪಲಿಲ್ಲ, ಮಧ್ಯಪ್ರವೇಶವೇ ರದ್ದಾಯಿತು. ರಾಜನಾರಾಯಣರ ಹಿಂದಿ ಹಟದ ಬಗ್ಗೆ ದಕ್ಷಿಣದವನಾದ ನನಗೆ ಯಾವ ಮೋಹವೂ ಇಲ್ಲ. ಎದುರಿನವರಿಗೂ ಅರ್ಥವಾಗಬೇಕೆಂಬ ನ್ಯಾಯಾಲಯದ ಕಾಳಜಿ ಸರಿಯಾದುದೇ. ಆದರೆ ಗಮನಿಸಿ: ಅಲ್ಲಿ ಅರ್ಥವಾಗಬೇಕಾದ್ದು ವಕೀಲರಿಗೆ. ಕಕ್ಷಿದಾರನಿಗೆ ಅರ್ಥವಾಗುತ್ತದೆಯೆ ಎಂಬ ಪ್ರಶ್ನೆಗೆ ಅಲ್ಲಿ ಸ್ಥಳವೇ ಇರಲಿಲ್ಲ.

ಸಂವಿಧಾನದ 348ನೆಯ ವಿಧಿ ಸರ್ವೋಚ್ಚ, ಉಚ್ಚ ನ್ಯಾಯಾಲಯಗಳ ಕಲಾಪಕ್ಕೆ ಇಂಗ್ಲಿಷನ್ನು ವಿಧಿಸಿತು. ರಾಷ್ಟ್ರಪತಿಗಳ ಒಪ್ಪಿಗೆ ಪಡೆದು ರಾಜ್ಯಪಾಲರು ಉಚ್ಚ ನ್ಯಾಯಾಲಯದ ಕಲಾಪಗಳಲ್ಲಿ ಹಿಂದಿಗೋ ರಾಜ್ಯಭಾಷೆಗೋ ಅವಕಾಶ ಕೊಡಬಹುದೆಂದು ಒಂದು ಕಿಂಡಿಯನ್ನೂ ಇಟ್ಟಿತು. ಆ ಕಿಂಡಿಯಿಂದ ಒಳಹೊಕ್ಕವು ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ ಮತ್ತು ಬಿಹಾರಗಳು ಮಾತ್ರ. ನಾಲ್ಕೂ ಹಿಂದಿಯ ರಾಜ್ಯಗಳು. 2006ರ ಡಿಸೆಂಬರಿನಲ್ಲಿ ತಮಿಳುನಾಡಿನ ವಿಧಾನಸಭೆ ಮದ್ರಾಸ್ ಹೈಕೋರ್ಟಿನಲ್ಲಿ ತಮಿಳು ಬೇಕೆಂದು ನಿರ್ಣಯ ಮಾಡಿತು. ಗುಜರಾತ್, ಪಶ್ಚಿಮ ಬಂಗಾಳ, ಛತ್ತೀಸಗಢ, ಕರ್ನಾಟಕಗಳೂ ತಮ್ಮ ತಮ್ಮ ಭಾಷೆಗೆ ಕೇಳಿಕೊಂಡವು. 1965ರ ಸಂಪುಟ ಸಮಿತಿಯ ನಿರ್ಧಾರದಂತೆ ಇವೆಲ್ಲವೂ ಭಾರತದ ಮುಖ್ಯ ನ್ಯಾಯಮೂರ್ತಿಗಳ ಅಭಿಪ್ರಾಯಕ್ಕೆ ಹೋದವು. 2012ರ ಅಕ್ಟೋಬರ್ 11ರಂದು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳ ಪೂರ್ಣ ಸಭೆ ಬೇಡವೆಂದಿತು. ತಮಿಳುನಾಡು ಮತ್ತೆ ಕೇಳಿತು. 2016ರ ಜನವರಿಯಲ್ಲಿ ಮತ್ತೆ ಬೇಡವೆಂಬ ಉತ್ತರ ಬಂತು.

ನಮ್ಮವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಕನ್ನಡವೂ ತಮಿಳೂ ಒಂದೇ ದಿನ, ಒಂದೇ ಸಭೆಯಲ್ಲಿ, ಒಂದೇ ಮಾತಿನಿಂದ ತಿರಸ್ಕೃತವಾದವು. ಆ ದಿನ ಚೆನ್ನೈಯ ಕನ್ನಡಿಗರು ತಮಿಳರ ಜೊತೆ ನಿಂತೆವೆ? ಇಲ್ಲ. ನನಗೆ ಚೆನ್ನಾಗಿ ನೆನಪಿದೆ: ನಮ್ಮ ಸಂಘದ ಪಡಸಾಲೆಯಲ್ಲಿಯೇ ಹಿರಿಯರೊಬ್ಬರು “ಸದ್ಯ, ಬಚಾವಾದೆವು, ಹೈಕೋರ್ಟಿಗೂ ತಮಿಳು ಬಂದಿದ್ದರೆ ನಮ್ಮ ಗತಿಯೇನು” ಎಂದರು, ನಾವು ತಲೆಯಾಡಿಸಿದೆವು. ಅದೇ ಪಡಸಾಲೆಯಲ್ಲಿ ಈಗ ಬೆಂಗಳೂರಿನಲ್ಲಿ ಕನ್ನಡ ಬೇಕೆಂದು ಠರಾವು ಮಾಡಿದ್ದೇವೆ. ಶಿವಾಜಿನಗರದ ತಮಿಳನೋ ಕೋಲಾರದ ಗಣಿಯ ತಮಿಳು ಕಾರ್ಮಿಕನ ವಿಧವೆಯೋ ಕನ್ನಡದ ತೀರ್ಪನ್ನು ಕೈಯಲ್ಲಿ ಹಿಡಿದು ‘ಗೆದ್ದೆನೋ ಸೋತೆನೋ’ ಎಂದು ನೆರೆಮನೆಯವರನ್ನು ಕೇಳಬೇಕಾದೀತೆಂಬುದು ನಮ್ಮ ಕಲ್ಪನೆಗೂ ಬರಲಿಲ್ಲ. ಊರಿನಲ್ಲಿ ಬಹುಸಂಖ್ಯಾತರ ದರ್ಪ, ಹೊರನಾಡಿನಲ್ಲಿ ಇಂಗ್ಲಿಷಿನ ಮರೆ – ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಅದಕ್ಕೆ ಕನ್ನಡಾಭಿಮಾನವೆಂದು ಹೆಸರಿಟ್ಟರೆ ನಾನು ಒಪ್ಪಲಾರೆ. ಲಕೋಟೆ ಮೇಜಿನ ಮೇಲೆ ಉಳಿದದ್ದು ಇದಕ್ಕೆ.

ಹಾಗೆಂದು ಇಂಗ್ಲಿಷೇ ಇರಲೆನ್ನುವ ವಕೀಲ ಮಿತ್ರರ ಪಕ್ಷವನ್ನೂ ನಾನು ಸೇರಲಾರೆ. ಅವರ ಮೊದಲ ಆಕ್ಷೇಪ: ನ್ಯಾಯಮೂರ್ತಿಗಳು ಬೇರೆ ರಾಜ್ಯಗಳಿಂದ ವರ್ಗವಾಗಿ ಬರುತ್ತಾರೆ, ಅವರಿಗೆ ಕನ್ನಡ, ತಮಿಳು ಓದಲಾದೀತೆ? ಉತ್ತರ 1963ರ ಅಧಿಕೃತ ಭಾಷಾ ಕಾಯಿದೆಯ 7ನೆಯ ಕಲಮಿನಲ್ಲಿಯೇ ಇದೆ. ರಾಜ್ಯಭಾಷೆಯಲ್ಲಿ ತೀರ್ಪು ಬರೆದರೆ ಜೊತೆಗೆ ಉಚ್ಚ ನ್ಯಾಯಾಲಯದ ಅಧಿಕಾರದಲ್ಲಿ ಹೊರಟ ಇಂಗ್ಲಿಷ್ ಅನುವಾದ ಇರಲೇಬೇಕೆಂದು ಅದು ಕಡ್ಡಾಯ ಮಾಡಿದೆ. ನ್ಯಾಯಮೂರ್ತಿಗಳ, ವಕೀಲರ ಅನುಕೂಲಕ್ಕಾಗಿ ಅನುವಾದ ಕಡ್ಡಾಯ. ಅಲ್ಲಿ ‘ಸಾಧ್ಯವಾದಲ್ಲಿ’ ಎಂಬ ಪದವಿಲ್ಲ. ಇಂಗ್ಲಿಷಿನಿಂದ ಕಕ್ಷಿದಾರನ ಭಾಷೆಗೆ ಇಳಿಯುವಾಗ ಮಾತ್ರ ಅನುವಾದ ಕಷ್ಟವಾಗಿಬಿಡುತ್ತದೆ.

ಈ ಏಕಮುಖ ಸಂಚಾರ ಇಲ್ಲಿಯವರೆಗಿನ ಇತಿಹಾಸವೂ ಹೌದು. 1862ರಲ್ಲಿ ಸ್ಥಾಪನೆಯಾದ ಮದ್ರಾಸ್ ಹೈಕೋರ್ಟ್ ಒಂದು ಕಾಲಕ್ಕೆ ಕನ್ನಡಿಗರ ಹೈಕೋರ್ಟೂ ಆಗಿತ್ತು. ಬಳ್ಳಾರಿ 1953ರವರೆಗೆ, ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ 1956ರವರೆಗೆ ಅದರ ಅಧಿಕಾರವ್ಯಾಪ್ತಿಯಲ್ಲಿದ್ದವು. ಕ್ರೋಂಪೇಟೆಯಿಂದ ಲೋಕಲ್ ರೈಲು ಹತ್ತಿ ಕೋಟೆ ನಿಲ್ದಾಣದಲ್ಲಿಳಿದು ಆ ಕೆಂಪು ಗೋಪುರಗಳ ಕಡೆ ನಡೆಯುವಾಗಲೆಲ್ಲ ನನಗೆ ತುಳುನಾಡಿನ ದಸ್ತಾವೇಜುಗಳ ನೆನಪಾಗುತ್ತದೆ. ಕನ್ನಡದ ಮೂಲಗೇಣಿ ಚೀಟಿಗಳೂ ಕರಾರುಗಳೂ ಇಂಗ್ಲಿಷಿನ ವೇಷ ತೊಟ್ಟು ಆ ಮೆಟ್ಟಿಲೇರಿದವು. 1863ರಲ್ಲಿಯೇ, ಮುಂಡ ಚೆಟ್ಟಿ ಮತ್ತು ತಿಮ್ಮಾಜು ಹೆಂಸು ನಡುವಿನ ವ್ಯಾಜ್ಯದಲ್ಲಿ, ಅಳಿಯಸಂತಾನ ಕುಟುಂಬದ ಆಸ್ತಿಯನ್ನು ಸದಸ್ಯರೊಬ್ಬರು ಒತ್ತಾಯದಿಂದ ಪಾಲು ಮಾಡಿಸುವಂತಿಲ್ಲವೆಂದು ಆ ನ್ಯಾಯಾಲಯ ಹೇಳಿತು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಕವರುಗಳಿಗೆ ಪಾಲಿನ ಹಕ್ಕು ಕೊಡುವವರೆಗೆ, ಎಂಬತ್ತೈದು ವರ್ಷಗಳಿಗೂ ಮೀರಿ, ಆ ಮಾತು ಒಂದು ಇಡೀ ಜಿಲ್ಲೆಯ ಮನೆತನಗಳ ಬದುಕನ್ನು ಆಳಿತು. ಅಷ್ಟು ಮನೆಗಳ ಹಣೆಬರಹವಾದ ಆ ತೀರ್ಪನ್ನು, ಆ ಮನೆಗಳ ಯಜಮಾನತಿಯರು ಓದಬಲ್ಲ ಭಾಷೆಯಲ್ಲಿ ಬರೆದಿರಲಿಲ್ಲ. ವಸಾಹತುಶಾಹಿಯ ಲಕ್ಷಣ ಅದೇ ಎನ್ನೋಣ. ಸ್ವತಂತ್ರ ಭಾರತದ ನ್ಯಾಯಾಂಗಕ್ಕೆ ಯಾವ ಲಕ್ಷಣ ಹೇಳೋಣ?

ಎರಡನೆಯ ಆಕ್ಷೇಪ ಪದಗಳ ಕೊರತೆ. ನಮ್ಮ ಭಾಷೆಗಳಲ್ಲಿ ಕಾನೂನಿನ ಪರಿಭಾಷೆಯಿಲ್ಲವಂತೆ. ವಕೀಲ, ವಕಾಲತ್ತು, ದಾವೆ, ಫಿರ್ಯಾದು, ತಕರಾರು, ಜಾಮೀನು, ಜಪ್ತಿ, ಅಮೀನ, ವಾಯಿದೆ – ಇವೆಲ್ಲ ಏನು? ವಾದಿ, ಪ್ರತಿವಾದಿ, ಸಾಕ್ಷಿಗಳಂತೂ ತಮಿಳಿಗೂ ಕನ್ನಡಕ್ಕೂ ಸಮಾನ ಸ್ವತ್ತು. ಫಾರಸಿ, ಅರಬ್ಬಿ, ಸಂಸ್ಕೃತಗಳಿಂದ ಬೇಕಾದ್ದನ್ನೆಲ್ಲ ಹಳ್ಳಿಯವನ ನಾಲಿಗೆಗೆ ಒಗ್ಗಿಸಿಕೊಂಡ ಭಾಷೆಗೆ ಇನ್ನು ನಾಲ್ಕು ಪದ ಒಗ್ಗಿಸಿಕೊಳ್ಳುವುದು ಕಷ್ಟವಲ್ಲ. ಇಂಗ್ಲಿಷಿನ ತೀರ್ಪುಗಳಲ್ಲಿ ಸಾಲಿಗೊಂದು ಲ್ಯಾಟಿನ್ ನುಡಿಗಟ್ಟು ಇರುವಾಗ ಆ ಭಾಷೆಯ ಬಡತನದ ಬಗ್ಗೆ ಯಾರೂ ಕನಿಕರಪಡುವುದಿಲ್ಲ.

ಮೂರನೆಯ ಆಕ್ಷೇಪ ಮಾತ್ರ ನಿಜವಾದುದು: ಹೆಚ್ಚುಪಾಲು ವ್ಯಾಜ್ಯಗಳಲ್ಲಿ ಕಕ್ಷಿದಾರರು ಬೇರೆ ಬೇರೆ ಭಾಷೆಯವರಾಗಿದ್ದರೆ ಎಷ್ಟು ಭಾಷೆಗೆ ಅನುವಾದಿಸುವುದು, ಯಾರು ಮಾಡುವುದು, ಕಾಸು ಯಾರದು? ಹತ್ತು ವರ್ಷಗಳ ಹಿಂದೆ ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಈಗ ಇದೆ. 2019ರ ಜುಲೈಯಿಂದ ಸರ್ವೋಚ್ಚ ನ್ಯಾಯಾಲಯವೇ ತನ್ನ ಆಯ್ದ ತೀರ್ಪುಗಳನ್ನು ದೇಶಭಾಷೆಗಳಲ್ಲಿ ಪ್ರಕಟಿಸತೊಡಗಿತು. ಮೊದಲ ಪಟ್ಟಿಯಲ್ಲಿ ಕನ್ನಡವಿತ್ತು, ತಮಿಳಿರಲಿಲ್ಲ. ಇಲ್ಲಿ ಕೂಗೆದ್ದ ಮೇಲೆ ತಮಿಳೂ ಸೇರಿತು. ಅದೇ ವರ್ಷದ ನವೆಂಬರಿನಲ್ಲಿ ಅನುವಾದಕ್ಕೆಂದು ‘ಸುವಾಸ್’ ಎಂಬ ಯಂತ್ರವ್ಯವಸ್ಥೆ ಬಂತು. 2023ರ ಫೆಬ್ರವರಿಯಲ್ಲಿ ಕೇರಳ ಹೈಕೋರ್ಟ್ ತನ್ನ ಎರಡು ತೀರ್ಪುಗಳನ್ನು ಮಲಯಾಳದಲ್ಲಿಯೂ ಪ್ರಕಟಿಸಿತು. 2024ರ ಡಿಸೆಂಬರ್ 12ರಂದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಮತ್ತು ನ್ಯಾಯಮೂರ್ತಿ ಸಿ. ಎಂ. ಜೋಶಿ ಅವರ ವಿಭಾಗೀಯ ಪೀಠ ಕನ್ನಡದಲ್ಲಿಯೂ ತೀರ್ಪು ನೀಡಿತು. ಯಂತ್ರ ತಪ್ಪು ಮಾಡುವುದಿಲ್ಲವೆ? ಮಾಡುತ್ತದೆ. ಮೇಲ್ಮನವಿಗೆ ‘ಲೀವ್’ ಕೊಟ್ಟರೆ ‘ರಜೆ ಮಂಜೂರಾಗಿದೆ’ ಎಂದು ಅದು ಬರೆದೀತು. ದಿನವೂ ರಜೆ ಮಂಜೂರು ಮಾಡುವ ನನ್ನಂಥವನಿಗೆ ಅದನ್ನು ಊಹಿಸಿಕೊಂಡೇ ನಗು ಬರುತ್ತದೆ. ಆದರೆ ನುರಿತ ಮನುಷ್ಯನೊಬ್ಬ ತಿದ್ದಿದರೆ ಆ ತಪ್ಪು ಉಳಿಯುವುದಿಲ್ಲ. ‘ಎಂದು ತಿಳಿ’ ಎಂಬ ಎರಡು ಪದಗಳನ್ನು ನುಂಗಿ ಅರ್ಧ ಮನೆಯನ್ನು ಕಳೆದದ್ದು ಯಂತ್ರವಲ್ಲ, ಮನುಷ್ಯನೇ ಎಂಬುದನ್ನೂ ನೆನಪಿಡಬೇಕು.

ಇದು ಒಬ್ಬ ವೃದ್ಧೆಯ ಮನೆಯ ಪ್ರಶ್ನೆ ಮಾತ್ರವೆಂದು ತಿಳಿಯುವ ಹೊರನಾಡ ಕನ್ನಡಿಗರಿಗೆ ಕಾವೇರಿಯನ್ನು ಜ್ಞಾಪಿಸುತ್ತೇನೆ. 1991ರ ಜೂನ್ 25ರಂದು ನ್ಯಾಯಮಂಡಳಿ 205 ಟಿಎಂಸಿಯ ಮಧ್ಯಂತರ ಆದೇಶ ಕೊಟ್ಟಿತು. ಆ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ತಮಿಳರ ಮೇಲೆ ನಡೆದದ್ದನ್ನು ನಾವು ತಲೆತಗ್ಗಿಸಿಯೇ ನೆನೆಯಬೇಕು. 2016ರ ಸೆಪ್ಟೆಂಬರ್ 5ರಂದು ಸರ್ವೋಚ್ಚ ನ್ಯಾಯಾಲಯ ಹತ್ತು ದಿನ ದಿನಕ್ಕೆ 15,000 ಕ್ಯೂಸೆಕ್ ಬಿಡಬೇಕೆಂದಿತು. 12ರಂದು ಅದನ್ನು 12,000ಕ್ಕೆ ಇಳಿಸಿ 20ನೆಯ ತಾರೀಖಿನವರೆಗೆ ವಿಸ್ತರಿಸಿತು. ಆ 12ರಂದೇ ಬೆಂಗಳೂರಿನಲ್ಲಿ ಬಸ್ಸುಗಳು ಉರಿದವು; ಅಂದೇ ಇಲ್ಲಿ ಮೈಲಾಪುರದ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿನ ಮೇಲೆ ದಾಳಿಯಾಯಿತು. ಆ ರಾತ್ರಿ ನಮ್ಮ ಬೀದಿಯ ಕನ್ನಡದ ಮನೆಗಳಲ್ಲಿ ದೀಪ ಬೇಗ ಆರಿತು. ಕಲ್ಲೆಸೆದವರಲ್ಲಿ, ಎರಡೂ ಕಡೆ, ಆದೇಶದ ಒಂದು ಪುಟವನ್ನಾದರೂ ಓದಿದವರು ಎಷ್ಟು ಜನ? ಓದಬೇಕೆಂದರೂ ಅದು ಮಂಡ್ಯದ ರೈತನಿಗೆ ಕನ್ನಡದಲ್ಲಿ, ತಂಜಾವೂರಿನ ರೈತನಿಗೆ ತಮಿಳಿನಲ್ಲಿ ಅದೇ ಸಂಜೆ ಎಲ್ಲಿ ಸಿಗುತ್ತಿತ್ತು? ಅವರಿಗೆ ಸಿಕ್ಕಿದ್ದು ರಾಜಕಾರಣಿಯ ಭಾಷಣ, ಟಿವಿಯ ಕೂಗು. ಅನುವಾದ ಸಿಕ್ಕಿದ್ದರೆ ಶಾಂತಿ ನೆಲೆಸುತ್ತಿತ್ತೆಂದು ನಾನು ಹೇಳುವಷ್ಟು ಮುಗ್ಧನಲ್ಲ. ಆದರೆ ಓದಲಾಗದ ಆದೇಶ ವದಂತಿಯಾಗಿಯೇ ಊರು ಸೇರುತ್ತದೆ. ವದಂತಿಯ ಬೆಲೆ ತೆರುವವರು ಗಡಿಯಾಚೆ ನೆಲೆಸಿದ ನಾವು, ಗಡಿಯೀಚೆ ನೆಲೆಸಿದ ಅವರು.

ಮದ್ರಾಸ್ ಹೈಕೋರ್ಟಿನ ಆವರಣದಲ್ಲಿ ಮನುನೀತಿ ಚೋಳನ ಪ್ರತಿಮೆಯಿದೆ. ಕರುವನ್ನು ಕಳೆದುಕೊಂಡ ಹಸು ಅರಮನೆಯ ಗಂಟೆಯನ್ನೆಳೆದಾಗ ಆ ಅರಸ ಹೊರಗೆ ಬಂದು ಕೇಳಿದನಂತೆ. ರಥ ಹರಿಸಿದ ಸ್ವಂತ ಮಗನಿಗೂ ಅದೇ ಶಿಕ್ಷೆ ವಿಧಿಸಿದನಂತೆ. ಆ ಹಸು ಚೋಳದೇಶದ ಭಾಷೆಯಲ್ಲಿ ಅರ್ಜಿ ಬರೆದಿರಲಿಲ್ಲ, ತೀರ್ಪೇನಾಯಿತೆಂದು ಅದು ಇನ್ನೊಬ್ಬರನ್ನು ಕೇಳಬೇಕಾಗಿಯೂ ಬರಲಿಲ್ಲ. ಪ್ರತಿಮೆಯ ಕೆಳಗೆ ನೂರಾರು ಕರಿಕೋಟುಗಳು ದಿನವೂ ಹಾದುಹೋಗುತ್ತವೆ.

ಆದ್ದರಿಂದ ಕಾರ್ಯಕಾರಿ ಸಮಿತಿಗೆ ನನ್ನ ಬಿನ್ನಹವಿಷ್ಟು. ಠರಾವನ್ನು ಹಿಂದಕ್ಕೆ ತೆಗೆದುಕೊಂಡು ಬೇರೆ ಬರೆಯೋಣ. ಬೆಂಗಳೂರಿನಲ್ಲಿ ಕನ್ನಡ ಬರಲಿ, ಚೆನ್ನೈಯಲ್ಲಿ ತಮಿಳು ಬರಲಿ. ಎರಡನ್ನೂ ಒಂದೇ ಹಾಳೆಯಲ್ಲಿ ಕೇಳೋಣ. ಆದರೆ ಎಲ್ಲಿಯೇ ಆಗಲಿ, ಯಾವ ಭಾಷೆಯಲ್ಲಿಯೇ ವಾದ ನಡೆಯಲಿ, ಸಂವಿಧಾನದ ಎಂಟನೆಯ ಅನುಸೂಚಿಯ ಯಾವ ಭಾಷೆಯನ್ನು ಕಕ್ಷಿದಾರ ಹೆಸರಿಸುತ್ತಾನೋ ಆ ಭಾಷೆಯಲ್ಲಿ ತೀರ್ಪಿನ ಅನುವಾದ ಅವನ ಕೈಗೇ ತಲುಪಬೇಕು, ವಕೀಲರ ಕಪಾಟಿಗಲ್ಲ. ಮೇಲ್ಮನವಿಯ ಅವಧಿ ಆ ದಿನದಿಂದ ಆರಂಭವಾಗಬೇಕು. ಸಿವಿಲ್ ಸಂಹಿತೆಯಲ್ಲಿ ಇದು ಬರಬೇಕು, ದಂಡಸಂಹಿತೆಯಲ್ಲಿರುವ ‘ಸಾಧ್ಯವಾದಲ್ಲಿ’ ಹೋಗಬೇಕು. ಅನುವಾದ ತಿಳಿವಳಿಕೆಗಾಗಿ ಮಾತ್ರ, ಮೂಲವೇ ಪ್ರಮಾಣವೆಂದು ಬೇಕಾದರೆ ಮೇಲೆ ಮುದ್ರೆಯೊತ್ತಲಿ. 350ನೆಯ ವಿಧಿಯು ಯಾವುದೇ ಕುಂದುಕೊರತೆಯನ್ನು ಒಕ್ಕೂಟದಲ್ಲಿಯೋ ರಾಜ್ಯದಲ್ಲಿಯೋ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗಳಿಗೆ ನಿವೇದಿಸಿಕೊಳ್ಳುವ ಹಕ್ಕು ಕೊಟ್ಟಿದೆ. ಉತ್ತರ ಯಾವ ಭಾಷೆಯಲ್ಲೆಂದು ಹೇಳದೆ ಬಿಟ್ಟಿದೆ. ಆ ಬಿಟ್ಟ ಸ್ಥಳವನ್ನು ತುಂಬಲು ಕೇಳುತ್ತಿದ್ದೇವೆ, ಅಷ್ಟೆ. ಅಲ್ಲಿಯವರೆಗೆ ಸಂಘವೂ ಒಂದು ಕೆಲಸ ಮಾಡಬಹುದು. ನಿವೃತ್ತರಾದ ಬ್ಯಾಂಕಿನವರು, ಉಪಾಧ್ಯಾಯರು, ನನ್ನಂಥ ಗುಮಾಸ್ತಗಿರಿಯ ಮುದುಕರು ನಮ್ಮಲ್ಲಿ ಬೇಕಾದಷ್ಟು ಇದ್ದೇವೆ. ವರ್ಷಕ್ಕೆ ಎರಡು ಬಾರಿ ಬಿಸಿಬೇಳೆಬಾತು ಬಡಿಸುವುದರ ಜೊತೆಗೆ, ವಾರಕ್ಕೊಂದು ಸಂಜೆ ಕುಳಿತು ನಮ್ಮವರ ತೀರ್ಪು, ಆದೇಶಗಳನ್ನು ಕನ್ನಡದಲ್ಲಿ ಓದಿ ಹೇಳಬಹುದು. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು 1987ರ ಕಾಯಿದೆಯಲ್ಲಿಯೇ ಇದೆಯೆಂಬುದನ್ನಾದರೂ ತಿಳಿಸಬಹುದು. ನನ್ನ ನೆರೆಯವರಿಗೆ ಅದನ್ನು ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಅವರ ಮೇಲ್ಮನವಿಯನ್ನು ಈಗ ಹೊಸ ವಕೀಲರೊಬ್ಬರು ಸಿದ್ಧಪಡಿಸಿದ್ದಾರೆ; ವಿಳಂಬವನ್ನು ಮನ್ನಿಸಬೇಕೆಂದು ಜೊತೆಗೊಂದು ಅರ್ಜಿ. ಅದಕ್ಕೆ ಆಕೆಯ ಪ್ರಮಾಣಪತ್ರ ಬೇಕಾಯಿತು. ಇಂಗ್ಲಿಷಿನಲ್ಲಿ ಬೆರಳಚ್ಚಾದ ಮೂರು ಪುಟಗಳ ಕೊನೆಯಲ್ಲಿ, ಎಂದಿನ ಪದ್ಧತಿಯಂತೆ, ಮೇಲಿನ ಒಕ್ಕಣೆಯನ್ನು ಆಕೆಯ ಭಾಷೆಯಾದ ಕನ್ನಡದಲ್ಲಿ ಓದಿ ವಿವರಿಸಲಾಯಿತು, ಆಕೆ ಅರ್ಥಮಾಡಿಕೊಂಡು ಸಹಿ ಹಾಕಿದ್ದಾರೆ ಎಂಬ ಸಾಲಿತ್ತು. ಆಕೆ ನ್ಯಾಯಾಲಯಕ್ಕೆ ಏನನ್ನಾದರೂ ಹೇಳಬೇಕಾದರೆ ಅವರಿಗೆ ಅದು ಅರ್ಥವಾಗಿರಲೇಬೇಕೆಂದು ನಿಯಮ. ಓದಿ ವಿವರಿಸಿದವನು ನಾನು. ಆಕೆ ಕನ್ನಡಕ ಒರೆಸಿಕೊಂಡು ಏಳನೆಯ ತರಗತಿಯ ದುಂಡಗಿನ ಅಕ್ಷರದಲ್ಲಿ ನಿಧಾನವಾಗಿ ಹೆಸರು ಬರೆದರು. ನೋಟರಿಯ ಸಹಾಯಕ ಹಾಳೆಯನ್ನು ತಿರುಗಿಸಿ ನೋಡಿ, ಇದು ತೆಲುಗೇ ಎಂದು ಕೇಳಿದ. ವಿಳಂಬದ ಅರ್ಜಿಗೆ ಮುಂದಿನ ವಾಯಿದೆ ಬರುವ ತಿಂಗಳು ಬಿದ್ದಿದೆ.